ಬ್ರೇಕ್ ಪೈಪಿನ ವಿಷಯ

ಶಿರಾ, ಭಾನುವಾರ

ರಂಗೇಶ್ ಸಾರ್ ಅವರಿಗೆ ಉಮರ್ ಮಾಡುವ ಸಲಾಂ.

ಎರಡು ಸಲ ಫೋನ್ ಮಾಡಿದಾಗಲೂ ನಿಮ್ಮ ತಮ್ಮನೇ ಎತ್ತಿದರು. ಅದಕ್ಕೇ ನಿಮ್ಮ ಆಫೀಸಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಹಳೆಯ ಸ್ಪೋರ್ಟ್ಸ್ ಕಾರಿಗೆ ಹೋದ ಭಾನುವಾರ ನಮ್ಮ ಅಂಗಳದಲ್ಲಿ ಹೊಸ ಬ್ರೇಕ್ ಪೈಪು ಹಾಕಿದ್ದೆ. ಶುಕ್ರವಾರ ನಾನು ಕೆಲಸಕ್ಕೆ ಹೋಗಿದ್ದಾಗ ನಿಮ್ಮ ತಮ್ಮ ಬಂದು, ಕಾರಿನ ಹತ್ತಿರ ಬಹಳ ಹೊತ್ತು ಇದ್ದರಂತೆ. ಚಹಾ ಕೊಟ್ಟ ನನ್ನ ಹೆಂಡತಿ ಶೀಬಾಳನ್ನು, “ಇದ್ನ ನಮ್ಮಣ್ಣ ಒಬ್ನೇ ತಾನೇ ಓಡ್ಸೋದು?” ಎಂದು ಕೇಳಿದರಂತೆ.

ಇವತ್ತು ನೋಡಿದರೆ ಯಾರೋ ಆ ಪೈಪನ್ನು ಗರಗಸದಿಂದ ಅರ್ಧ ಕೊಯ್ದಿದ್ದಾರೆ. ನೀವು ಹೊರಟಿದ್ದ ಸಿದ್ದರಬೆಟ್ಟದ ಇಳಿಜಾರಿನಲ್ಲಿ ಅದು ಕಿತ್ತುಹೋಗುತ್ತಿತ್ತು.

ಪೈಪನ್ನು ಬಿಚ್ಚಿ ಬೀರುವಿನಲ್ಲಿ ಇಟ್ಟಿದ್ದೇನೆ. ಯಾರು ಕೇಳಿದರೂ ಕೀ ಕೊಡುವುದಿಲ್ಲ, ನೀವೇ ಬನ್ನಿ. ಮಧುಗಿರಿಯಿಂದ ಬಸ್ಸಿನಲ್ಲೇ ಬನ್ನಿ ಸಾರ್. ತಮ್ಮ ಬಿಟ್ಟುಬರುತ್ತೇನೆ ಎಂದರೂ ಅವರ ಗಾಡಿ ಹತ್ತಬೇಡಿ.

ನಿಮ್ಮ
ಉಮರ್