ಪ್ಲಾಸ್ಟರ್ ದವಡೆಗೆ ವಸಡು ಬರೆದವನ ಉತ್ತರ

ಹಲ್ಲುಜ್ಜುವ ಬ್ರಷ್ಷುಗಳ ಮೇಲೆ ‘ಮೃದು’ ಎಂದು ಮುದ್ರೆ ಒತ್ತುವ ಗುಣಮಟ್ಟ ಕಚೇರಿಯ ಮುಖ್ಯಾಧಿಕಾರಿಗಳೇ,

ತಮ್ಮ ಕಚೇರಿಯ ಪ್ಲಾಸ್ಟರ್ ದವಡೆಗೆ ಗುಲಾಬಿ ಬಣ್ಣದ ವಸಡು ಬರೆದು ಸರ್ಕಾರಿ ಸ್ವತ್ತು ಕೆಡಿಸಿದ್ದಕ್ಕೆ ಏಳು ದಿನದೊಳಗೆ ಕ್ಷಮೆ ಕೇಳಬೇಕೆಂಬ ನೋಟಿಸು ತಲುಪಿತು. ಬರೆದದ್ದು ನಾನೇ. ಐವತ್ತು ವರ್ಷ ಅಂಗಡಿ ಬೋರ್ಡು ಬರೆದ ಕೈ ಇದು. ‘ನಿಜವಾದ ವಸಡಿನಂತೆಯೇ ತೋರುವ’ ಎಂದು ನೋಟಿಸಿನಲ್ಲೇ ಹೊಗಳಿದ್ದೀರಿ, ಸಂತೋಷ. ನನ್ನದೊಂದೇ ಪ್ರಶ್ನೆ: ಬ್ರಷ್ಷು ಪರೀಕ್ಷಿಸುವ ಕಚೇರಿಯ ದವಡೆಯಲ್ಲಿ ಮೂವತ್ತೆರಡು ಹಲ್ಲಿಗೂ ಜಾಗವಿದೆ, ವಸಡಿಗೆ ಮಾತ್ರ ಯಾಕಿಲ್ಲ? ತಮ್ಮ ಹಲ್ಲೇನು ಗಾಳಿಯಲ್ಲಿ ನಿಂತಿದೆಯೇ?

ನನ್ನ ಮನೆಯಾಕೆ ಬಸ್ ನಿಲ್ದಾಣದ ಮೈಕಿನಲ್ಲಿ ಮೂವತ್ತು ವರ್ಷ ಬಸ್ಸು ಹೊರಡುವ ವೇಳೆ ಹೇಳಿದವಳು. ನಿವೃತ್ತಿಯಾದ ಮೇಲೆ ದೃಷ್ಟಿಯಿಲ್ಲದವರಿಗಾಗಿ ವಾರಕ್ಕೆರಡು ದಿನ ಪುಸ್ತಕ ಓದಿ ಧ್ವನಿಮುದ್ರಿಸುತ್ತಿದ್ದಳು. ಆಕೆಗೆ ವಸಡಿನ ಕಾಯಿಲೆ. ಮೇಲಿನ ಮುಂದಿನ ಹಲ್ಲೊಂದು ಬಿದ್ದಿದೆ, ಪಕ್ಕದ್ದು ಅಲ್ಲಾಡುತ್ತಿದೆ. ಹೋದ ತಿಂಗಳು ಓದುವುದನ್ನೇ ನಿಲ್ಲಿಸಿದಳು. “ಬಾಯಿ ತೆರೆದ್ರೆ ಸೀಟಿ ಬರುತ್ತೆ ರೀ. ಇನ್ನು ಕಂಡಕ್ಟರ್ ಕೆಲಸಕ್ಕೇ ಸೈ ನಾನು” ಎಂದು ನಕ್ಕಳು. ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಆಕೆ ಹಲ್ಲುಜ್ಜುತ್ತಿದ್ದ ಬ್ರಷ್ಷು ತಂದುಕೊಟ್ಟವನು ನಾನು. ಬಣ್ಣದ ಕುಂಚವನ್ನು ಕೆಳತುಟಿಗೆ ಸವರಿ ನೋಡದೆ ಒಂದು ದಿನವೂ ಕೊಂಡವನಲ್ಲ. ಇದನ್ನು ಮಾತ್ರ ಸವರಿ ನೋಡಲಿಲ್ಲ. ತಮ್ಮ ಮುದ್ರೆ ಇತ್ತಲ್ಲ! ಅಕ್ಷರ ಬರೆದು ಬದುಕಿದವನು ಅಕ್ಷರ ನಂಬಿ ಕೆಟ್ಟೆ. ಉಜ್ಜುವಾಗ ರಕ್ತ ಬಂತು.

“ಕೊಳೆ ಕೂತಿದೆ ಕಣೇ, ಇನ್ನೂ ಒತ್ತಿ ಉಜ್ಜು” ಎಂದೆ. ಬಣ್ಣ ಹಚ್ಚುವ ಮುಂಚೆ ಗೋಡೆಯನ್ನು ಹಾಗೇ ಅಲ್ಲವೇ ತಿಕ್ಕುವುದು?

“ನೋಯುತ್ತೆ ರೀ.”

“ಮೃದು ಅಂತ ಬರ್ದಿದೆ. ಹೆಂಗೆ ನೋಯುತ್ತೆ?”

ಒಂದು ವರ್ಷ ಉಜ್ಜಿದಳು, ಮಹಾಸ್ವಾಮಿ. ನನ್ನ ಮಾತಿಗೆ, ತಮ್ಮ ಮುದ್ರೆಗೆ ಬೆಲೆ ಕೊಟ್ಟು.

ಹಲ್ಲಿನ ಡಾಕ್ಟರಮ್ಮ ಬಾಯಿ ನೋಡಿ, “ಹೀಗೆ ಉಜ್ಜೋಕೆ ಹೇಳಿದ್ದು ಯಾರಮ್ಮ?” ಎಂದು ಸಿಡುಕಿದರು. “ಯಾರೂ ಇಲ್ಲ, ನಾನೇ” ಎಂದಳು ನಮ್ಮಾಕೆ. ನನ್ನ ಕಡೆ ನೋಡಲೂ ಇಲ್ಲ. ಬೋರ್ಡುಗಳ ಮೇಲೆ ನಾನು ಬರೆದ ಸುಳ್ಳು ಸಾವಿರಾರು. ಅಷ್ಟೂ ಸೇರಿದರೂ ಆ ಒಂದು ಸುಳ್ಳಿನಷ್ಟು ನನ್ನನ್ನು ಚುಚ್ಚಲಾರವು.

ಡಾಕ್ಟರಮ್ಮ ವಸಡಿನಡಿಯ ಕಿಟ್ಟ ತೆಗೆದರು. ಚಿಕ್ಕ ತಲೆಯ, ರೇಷ್ಮೆಯಂಥ ಎಳೆಯ ಬ್ರಷ್ಷೊಂದು ಕೊಟ್ಟರು. ಹಲ್ಲಿನ ಸಂದಿಗೆ ಸೀಸೆ ತೊಳೆಯುವ ಬ್ರಷ್ಷಿನ ಮರಿಯಂಥದ್ದು ಇನ್ನೊಂದು. “ಹಲ್ಲೂ ವಸಡೂ ಸೇರೋ ಕಡೆ ಓರೆಯಾಗಿ ಇಟ್ಟು ಮೆಲ್ಲಗೆ ಆಡಿಸಿ. ರಕ್ತ ಬಂತು ಅಂತ ನಿಲ್ಲಿಸ್ಬೇಡಿ, ಒತ್ತಲೂಬೇಡಿ. ಆ ಅಲ್ಲಾಡೋ ಹಲ್ಲು ಉಳಿದ್ರೂ ಉಳೀಬಹುದು. ಹಳೇ ಬ್ರಷ್ಷು ಮಾತ್ರ ಬೂಟಿಗಿರಲಿ.”

ಆ ಹಳೇ ಬ್ರಷ್ಷನ್ನೂ ಡಾಕ್ಟರಮ್ಮ ಕೊಟ್ಟಂಥದ್ದೇ ಹೊಸದೊಂದನ್ನೂ ಜೇಬಿಗಿಟ್ಟುಕೊಂಡೇ ತಮ್ಮ ಕಚೇರಿಗೆ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ, ಇರಲೇಬೇಕಲ್ಲ. ಪರೀಕ್ಷಕರು ಪಾಪ ಒಳ್ಳೆಯವರು, ನನ್ನ ಹಳೇ ಬ್ರಷ್ಷಿನ ಜಾತಿಯದ್ದೇ ಒಂದನ್ನು ಸಿಕ್ಕಿಸಿದ್ದ ಯಂತ್ರ ತೋರಿಸಿದರು. ಬಿಳಿ ದವಡೆಯ ಮೇಲೆ ಬ್ರಷ್ಷು ಹತ್ತು ಸಾವಿರ ಸಲ ಓಡುತ್ತದೆ. ಎಳೆ ಉದುರಲಿಲ್ಲ, ಹಿಡಿ ಮುರಿಯಲಿಲ್ಲ ಎಂದರೆ ಮೃದು.

“ವಸಡೆಲ್ಲಿ ಸ್ವಾಮಿ?” ಎಂದೆ.

“ವಸಡು ನಮ್ಮ ಪಟ್ಟಿಯಲ್ಲಿ ಬರಲ್ಲ ಅಜ್ಜ. ಊಟ ಮುಗಿಸ್ಕೊಂಡು ಬರ್ತೀನಿ, ಏನೂ ಮುಟ್ಬೇಡಿ.”

ವಸಡು ಮುಟ್ಟದಿರಲು ನಾನೇನು ತಮ್ಮ ಪಟ್ಟಿಯೇ? ಚೀಲದಲ್ಲಿ ರಬ್ಬರ್ ಬೆರೆಸಿದ ಗುಲಾಬಿ ಬಣ್ಣವಿತ್ತು. ಬರೆದೆ, ಫ್ಯಾನಿಗೆ ಹಿಡಿದು ಒಣಗಿಸಿದೆ. ಊಟದಿಂದ ಬಂದವರು ಅಭ್ಯಾಸಬಲದಿಂದ ಗುಂಡಿ ಒತ್ತಿದರು. ಇನ್ನೂರು ತಿಕ್ಕು ಆಗುವುದರೊಳಗೆ ತಮ್ಮ ಮೃದು ಬ್ರಷ್ಷು ವಸಡನ್ನು ಕಿತ್ತು ಅವರ ಕನ್ನಡಕಕ್ಕೇ ಅಂಟಿಸಿತು! ಮತ್ತೆ ಬಣ್ಣ ಬಳಿದು ಡಾಕ್ಟರಮ್ಮನ ಬ್ರಷ್ಷು ಹಾಕಿಸಿದೆ. ಹತ್ತು ಸಾವಿರ ತಿಕ್ಕಿಗೂ ಬಣ್ಣ ಕದಲಲಿಲ್ಲ. ಪರೀಕ್ಷಕರು ಕನ್ನಡಕ ಒರೆಸುತ್ತಾ ಮೆಲ್ಲಗೆ, “ನಮ್ಮಮ್ಮನೂ ಇದೇ ಬ್ರಷ್ಷಲ್ಲಿ ಉಜ್ಜೋದು ಅಜ್ಜ” ಎಂದರು.

ಬಣ್ಣ ವಸಡಲ್ಲ, ನಿಜ. ತಮ್ಮ ಪ್ಲಾಸ್ಟರ್ ಮಾತ್ರ ಬಾಯಿಯೇ?

ನನ್ನ ಬೇಡಿಕೆ ಇಷ್ಟೇ: ದವಡೆಗೆ ಮೆತ್ತನೆಯ ವಸಡು ಕೂರಿಸಿ ಪರೀಕ್ಷೆ ಮಾಡಿ. ಅಲ್ಲಿಯವರೆಗೆ ‘ಮೃದು’ ಎಂಬ ಪದವನ್ನು ಬ್ರಷ್ಷುಗಳ ಮೇಲಿಂದ ಅಳಿಸಿ. ಕ್ಷಮೆಯನ್ನು ನಾನು ಕೇಳಬೇಕಾದವಳ ಹತ್ತಿರ ಕೇಳಿಯಾಯಿತು. “ಹಲ್ಲು ನಿಂತ್ರೆ ಮಾಫಿ” ಎಂದಿದ್ದಾಳೆ. ತಮ್ಮ ಸರದಿ ಬಾಕಿಯಿದೆ. ದವಡೆ ಮೊದಲಿನಂತೆ ಬೋಳಾಗಿಯೇ ಬೇಕೆಂದು ಹಟವಿದ್ದರೆ ಹೇಳಿ ಕಳಿಸಿ, ಬಂದು ಬಣ್ಣ ಕೆರೆದು ಕೊಡುತ್ತೇನೆ. ಉಳಿ, ಚಾಕು ಏನೂ ಬೇಡ. ತಮ್ಮ ‘ಮೃದು’ ಒಂದಿದ್ದರೆ ಸಾಕು.

ಇಂತಿ,
ಹಲ್ಲು ಕಚ್ಚಿ ಸಹಿಸೋಣವೆಂದರೆ ಅಲ್ಲಾಡುವ ಹಲ್ಲಿನ ಮನೆಯವನು,
‘ಇನ್ನೂ ಒತ್ತಿ ಉಜ್ಜು’ ಎಂದ ಮುದಿ ಬೋರ್ಡು ಪೇಂಟರ್