ಗುರುವಾರದ ನಿಯಮ

ಜೂನ್ 12, ಗುರುವಾರ

ಈ ಕೋಚ್ ಕೆಲಸಕ್ಕಿಷ್ಟು ಬೆಂಕಿ ಹಾಕ. ಶನಿವಾರದ ಆಸ್ಟ್ರೇಲಿಯನ್ ಫುಟ್‌ಬಾಲ್ ಮ್ಯಾಚಲ್ಲಿ ಅಂಪೈರ್ ಚೆಂಡು ಮೇಲಕ್ಕೆ ಎಗರಿಸಿದಾಗ ಹಾರಿ ಬಡಿಯೋ ಆಟಗಾರ, ಅಂದ್ರೆ ರಕ್, ಯಾರು ಅಂತ ಪ್ರಾಕ್ಟೀಸ್ ಮುಗಿದ ಮೇಲೆ ಕ್ಲಬ್ಬಲ್ಲಿ ಜಗಳ. ಅಧ್ಯಕ್ಷ ಗ್ರೆನ್‌ಫೆಲ್ ತನ್ನ ತಂಗಿ ಮಗ ರೀಸ್‌ನನ್ನೇ ಹಿಡಿದು ಕೂತ.

"ಎರಡು ಮೀಟರ್ ಇದ್ದಾನಲ್ಲಯ್ಯಾ!"

"ಲೈಟ್ ಕಂಬಾನೂ ಉದ್ದ ಇದೆ. ಹಾರುತ್ತಾ?" ಅಂದೆ.

ಗೋಲಿನ ಮುಂದೆ ಆಡೋ ಉದ್ದನೆಯ ಹ್ಯಾಮಿಶ್‌ನನ್ನ ಅಲ್ಲಿಂದ ಕಿತ್ತು ರಕ್‌ಗೆ ಹಾಕಿದರೆ ಗೋಲು ಹೊಡೆಯೋರಿಲ್ಲ. ಎರಡೂ ಜಾಗಕ್ಕೆ ಸಲ್ಲೋನು ಸೆಮಿಸಿ ಒಬ್ಬನೇ. ಅವನ ಹೆಸರೆತ್ತಿದೆ.

"ಗುರುವಾರ ಪ್ರಾಕ್ಟೀಸಿಗೆ ಬರದೋನಿಗೆ ಶನಿವಾರ ಜಾಗ ಇಲ್ಲ. ನಿಯಮ ಅಂದ್ರೆ ನಿಯಮ," ಅಂದ ಗ್ರೆನ್‌ಫೆಲ್, ಮೀಸೆಯ ಬಿಯರ್ ನೊರೆ ಒರೆಸಿಕೊಳ್ಳುತ್ತಾ. ಉಳಿದ ಕಮಿಟಿಯವರು ಕುರಿಗಳ ಹಾಗೆ ತಲೆಯಾಡಿಸಿದರು. ಥೂ.

ಸೆಮಿಸಿ ಮಾಂಸದ ಕಾರ್ಖಾನೇಲಿ ಕೆಲಸಕ್ಕಿರೋನು. ಹೋದ ವಾರದ ತನಕ ಅವನಿಗೆ ಬೆಳಗಿನ ಪಾಳಿ ಇತ್ತು. ಈ ವಾರ ಗುರುವಾರ ಸಂಜೆಗೆ, ಸರಿಯಾಗಿ ಪ್ರಾಕ್ಟೀಸ್ ಹೊತ್ತಿಗೇ, ಹಾಕಿದ್ದಾರೆ. ಹಾಕಿದೋನು ಅಲ್ಲಿನ ಮ್ಯಾನೇಜರ್. ಇದೇ ಗ್ರೆನ್‌ಫೆಲ್.