ಔಟ್ ಆಗ್ತಿದ್ದ ಶಟಲ್

ಅರುಂಧತಿ,

ನಿನ್ನ ಹಳೇ ನಂಬರ್ ಈಗ ಇನ್ಯಾರದ್ದೋ ಆಗಿದೆ. ಇದನ್ನು ಎಲ್ಲಿಗೆ ಕಳಿಸಲಿ? ಸುಮ್ಮನೆ ಬರೀತಿದ್ದೀನಿ.

ಇವತ್ತು ಇಲ್ಲಿ ಸಿಂಗಪುರದಲ್ಲಿ, ನಮ್ಮ ಚೋವಾ ಚು ಕಾಂಗ್ ಬಡಾವಣೆಯ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಔಟ್ ಆಗ್ತಿದ್ದ ಶಟಲ್ ಹಿಂದೆ ಓಡಿದೆ ಕಣೇ, ನಾನು. ನಿನ್ನ ಜಾಗದಲ್ಲಿ ಈಗ ನನ್ನ ಜೊತೆ ಆಡೋದು ಪಕ್ಕದ ಮನೆ ಜಗದೀಶನ ಮಗಳು ದಿಶಾ. "ಆಂಟಿ, ಔಟ್ ಲಾ, ಯಾಕೆ ಓಡಿದ್ರಿ?" ಅಂತ ಇಲ್ಲಿಯವರ ಥರ "ಲಾ" ಸೇರಿಸಿ ನಕ್ಕಳು.

ನಾವಿಬ್ಬರೂ ಆಡುವಾಗ "ಬಿಡು" ಅಂತ ಕೂಗೋಳು ನಾನು, ಆದರೂ ಓಡೋಳು ನೀನು. ಈರುಳ್ಳಿ ಹೆಚ್ಚೋದಿರಲಿ, ನನ್ನ ಮಗನ ಪುಸ್ತಕಕ್ಕೆ ಬೈಂಡ್ ಹಾಕೋದಿರಲಿ, ನಿನಗೆ ಅರೆಮನಸ್ಸು ಅನ್ನೋದೇ ಗೊತ್ತಿರಲಿಲ್ಲ. ಇಷ್ಟೆಲ್ಲ ಯಾಕೆ ಅಂತ ನನಗೆ ರೇಗ್ತಿತ್ತು. ಇವತ್ತು ಓಡಿ ನೋಡಿದೆ. ಓಡುವಾಗ ಔಟೋ ಅಲ್ಲವೋ ಅನ್ನೋ ಯೋಚನೆಯೇ ಬರೋದಿಲ್ಲ. ನಿನಗೂ ಹೀಗೇ ಆಗ್ತಿತ್ತಾ?

ಇನ್ನೊಂದು ಕೇಳಬೇಕು. ನೀನು ಸಿಂಗಪುರ ಬಿಟ್ಟು ಹೊರಟ ದಿನ, ಏರ್‌ಪೋರ್ಟಿಗೆ ಬರಲಾ ಅಂತ ನಾನು ಫೋನ್ ಮಾಡಿದ್ದೆ. ನೀನು "ಬಿಡು, ಅಷ್ಟು ದೂರ ಯಾಕೆ" ಅಂದೆ. ನಿನ್ನ ಬಾಯಲ್ಲಿ ಆ ಮಾತು ಕೇಳಿದ್ದು ಅದೊಂದೇ ಸಲ. ನಾನೂ ಬಿಟ್ಟುಬಿಟ್ಟೆ.

ಅದು ನಿಜವಾಗಲೂ ಔಟ್ ಆಗಿತ್ತಾ ಅರು, ಇಲ್ಲ ನಾನು ಓಡಬೇಕಿತ್ತಾ?